ನಮ್ಮ ಮಾವನವರು ದೂರು ಹೇಳಲು ಹೋದದ್ದು

ನಾನು ಮಿರ್ಲೆಯಿಂದ ಹುಣಸೂರಿಗೆ ಸೊಸೆಯಾಗಿ ಬಂದ ವರ್ಷವೇ ನಮ್ಮ ಮಾವನವರು ಕಾರು ಕೊಂಡರು. ಆಗಿನ್ನೂ ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ಪೆಟ್ರೋಲು ಕೇಳಿದಷ್ಟು ಸಿಗುತ್ತಿತ್ತು. ಮಾವನವರದು ಭತ್ತದ ವ್ಯಾಪಾರ. ನನ್ನ ತವರಿನ ಕಡೆಯಿಂದ ಭತ್ತ ತರಿಸಿ, ಅಕ್ಕಿ ಮಾಡಿಸಿ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಅಂಗಡಿಗಳಿಗೆ ಕಳಿಸುತ್ತಿದ್ದರು. ಎತ್ತಿನ ಗಾಡಿಯಲ್ಲಿ ಊರೂರು ಸುತ್ತಿ ಅವರ ಸೊಂಟ ಹಿಡಿದುಕೊಂಡಿತ್ತು. ಇನ್ನು ಗಾಡಿಯಲ್ಲಿ ಕೂರಬೇಡಿ ಎಂದು ಡಾಕ್ಟರು ಹೇಳಿದರು. ಹಾಗಾದರೆ ಕಾರು ತಗೊಳ್ಳಿ ಎಂದೇ ಡಾಕ್ಟರು ಹೇಳಿದ್ದು ಎಂದು ನಮ್ಮ ಅತ್ತೆಯವರು ಊರಿಗೆಲ್ಲ ಹೇಳಿಕೊಂಡು ಬಂದರು. ಅಷ್ಟಾದ ಮೇಲೆ ಕೊಳ್ಳದೆ ಇರುವುದಕ್ಕೆ ಮಾವನವರಿಂದ ಆಗಲಿಲ್ಲ.

ಮೈಸೂರಿನ ಒಂದು ಮೋಟಾರು ಕಂಪನಿಯಿಂದ ಕಾರು ಬಂತು. ಕಡುಹಸಿರು ಬಣ್ಣ, ಬಟ್ಟೆಯ ಮಾಡು, ಎರಡು ಕಣ್ಣಿನಂಥ ದೀಪ. ಓಡಿಸುವುದಕ್ಕೆ ನಮ್ಮೂರಿನವರೇ ಒಬ್ಬ ಸಾಬರನ್ನು ಗೊತ್ತು ಮಾಡಿದರು. ಮೂವತ್ತರ ಆಸುಪಾಸಿನ, ಬಹಳ ಅಚ್ಚುಕಟ್ಟಿನ ಮನುಷ್ಯ. ಕೊಡಗಿನಲ್ಲಿ ಯಾರೋ ಕಾಫಿ ತೋಟದವರ ಹತ್ತಿರ ಓಡಿಸಿ ಅನುಭವವಿದ್ದವರು. ನನ್ನ ಯಜಮಾನರು ವಾರವೆಲ್ಲ ಕೃಷ್ಣರಾಜನಗರದ ಮಂಡಿಯಲ್ಲಿ ಇರುತ್ತಿದ್ದರು. ಹಾಗಾಗಿ ಕಾರಿನ ಸುಖದುಃಖವೆಲ್ಲ ಮಾವ, ಅತ್ತೆ, ನಾನು ಮತ್ತು ಡ್ರೈವರ್ ಸಾಬರು, ಈ ನಾಲ್ವರದೇ.

ಕೆಲವು ತಿಂಗಳಿಗೊಮ್ಮೆ ಕಾರನ್ನು ಮೈಸೂರಿಗೆ ಕಳಿಸಿ, ಹಳೇ ಎಣ್ಣೆ ತೆಗೆಸಿ ಹೊಸ ಎಣ್ಣೆ ಹಾಕಿಸಿ, ಕೀಲುಗಳಿಗೆ ಗ್ರೀಸು ಹಚ್ಚಿಸಿ, ಸಡಿಲವಾದದ್ದನ್ನು ಬಿಗಿ ಮಾಡಿಸಬೇಕು ಎಂದು ಕಂಪನಿಯವರು ಹೇಳಿದ್ದರು. ಅವರು ಅದಕ್ಕೆ ಸರ್ವೀಸು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಎಣ್ಣೆಸ್ನಾನ ಎಂದೇ ಹೆಸರಾಯಿತು. ಸಂಕ್ರಾಂತಿ ಹತ್ತಿರ ಬರುತ್ತಿದ್ದಾಗ ಕಾರು ಮೊದಲ ಎಣ್ಣೆಸ್ನಾನಕ್ಕೆ ಹೋಗಿ, ಎರಡು ದಿನ ಅಲ್ಲಿದ್ದು, ಮಿರಮಿರ ಮಿಂಚುತ್ತಾ ವಾಪಸು ಬಂತು. ಅತ್ತೆಯವರು ದೃಷ್ಟಿ ತೆಗೆದು ಒಳಗೆ ಬಿಟ್ಟುಕೊಂಡರು.

ಮಾರನೆಯ ದಿನವೇ ನಾವು ಪಿರಿಯಾಪಟ್ಟಣಕ್ಕೆ ನಂಟರ ಮನೆಯ ನಾಮಕರಣಕ್ಕೆ ಹೊರಟೆವು. ಊರು ದಾಟುವವರೆಗೂ ಏನೂ ಗೊತ್ತಾಗಲಿಲ್ಲ. ಮುಂದೆ ರಸ್ತೆ ಎಡಕ್ಕೆ ಬಾಗುವ ಕಡೆ ಸಾಬರು ಚಕ್ರ ತಿರುಗಿಸಿದರು ನೋಡಿ, ಹಾರ್ನು ತನ್ನಷ್ಟಕ್ಕೆ ತಾನೇ ಬಾಯಿ ಬಿಟ್ಟಿತು. ರಸ್ತೆ ನೇರವಾಗುವವರೆಗೂ ಬಾಯಿ ಮುಚ್ಚಲಿಲ್ಲ. ಮಾವನವರು ಯಾರೋ ಅಡ್ಡ ಬಂದಿರಬೇಕು ಎಂದುಕೊಂಡು ಇಣುಕಿ ನೋಡಿದರು. ರಸ್ತೆಯಲ್ಲಿ ಒಂದು ನಾಯಿ ಕೂಡ ಇರಲಿಲ್ಲ. ಬಲಕ್ಕೆ ತಿರುಗಿದರೆ ಮೌನ, ಎಡಕ್ಕೆ ತಿರುಗಿದರೆ ಕೂಗು. ಪಿರಿಯಾಪಟ್ಟಣ ಸೇರುವಷ್ಟರಲ್ಲಿ ನಮಗೆ ಎಡಬಲದ ಜ್ಞಾನ ಚೆನ್ನಾಗಿ ಬಂದಿತ್ತು.

ಎರಡನೆಯ ರೋಗ ಗೊತ್ತಾದದ್ದು ನಂಟರ ಬೀದಿಯಲ್ಲಿ. ಆ ಬೀದಿ ಎಡಕ್ಕೇ ಇತ್ತು. ಹಾರ್ನು ಕೂಗಿಕೊಂಡು ಒಳಗೆ ನುಗ್ಗಿದೆವು. ನಂಟರೆಲ್ಲ ಬಾಗಿಲಿಗೆ ಬಂದು ಕೈಮುಗಿದು ನಿಂತರು. ಸಾಬರು ಬ್ರೇಕು ತುಳಿದರು. ಕಾರು ನಿಲ್ಲಲಿಲ್ಲ. ನಂಟರ ಮುಗಿದ ಕೈಗಳನ್ನು ಹಾಗೇ ಬಿಟ್ಟು ಮುಂದೆ ಹೋಗಿ ಇನ್ಯಾರದೋ ಮನೆಯ ಮುಂದೆ ನಿಂತಿತು. ಆ ಮನೆಯ ಜಗಲಿಯ ಮೇಲೆ ಹಿರಿಯರೊಬ್ಬರು ಕ್ಷೌರ ಮಾಡಿಸಿಕೊಳ್ಳುತ್ತಿದ್ದರು. ಒಂದು ಕೆನ್ನೆಯಲ್ಲಿ ನೊರೆ ಇಟ್ಟುಕೊಂಡೇ ಎದ್ದು, ಬನ್ನಿ ಬನ್ನಿ ಎಂದರು. ಬೇರೆ ಯಾರೇ ಆಗಿದ್ದರೂ, ನಾವು ಬಂದದ್ದು ನಿಮ್ಮ ಮನೆಗಲ್ಲ ಎನ್ನುತ್ತಿದ್ದರು. ನಮ್ಮ ಮಾವನವರು ಕರೆದವರ ಮನಸ್ಸು ನೋಯಿಸಬಾರದೆಂದು ಇಳಿದರು. ಜಗಲಿಯ ಮೇಲೆ ಕೂತು, ಮಳೆಬೆಳೆ ಮಾತಾಡಿ, ಎಲೆಅಡಿಕೆ ಹಾಕಿಕೊಂಡರು. ಅತ್ತೆಯೂ ನಾನೂ ಕಾರಿನಿಂದ ಇಳಿದು ನಡೆದುಕೊಂಡು ನಾಮಕರಣಕ್ಕೆ ಹೋದೆವು. ಮಗುವಿಗೆ ಹೆಸರಿಟ್ಟು, ತೊಟ್ಟಿಲು ತೂಗಿ ಆದ ಮೇಲೆ ಮಾವನವರು ಬಂದರು.

ಅವರ ಸ್ವಭಾವವೇ ಹಾಗೆ. ಯಾರಿಗೂ ಬಿರುಸಾದ ಮಾತು ಆಡಿದವರಲ್ಲ. ಅಗಸರವನು ಪಂಚೆ ಸುಟ್ಟು ತಂದರೆ, ಪರವಾಗಿಲ್ಲ ಬಿಡಪ್ಪ, ಮಡಿಕೆಯ ಒಳಗೆ ಬರುತ್ತೆ ಎಂದು ಸಮಾಧಾನ ಹೇಳುತ್ತಿದ್ದರು. ವ್ಯಾಪಾರ ಹೇಗೆ ನಡೆಸಿದರೋ ಎಂದು ನಾನು ಆಶ್ಚರ್ಯಪಡುತ್ತಿದ್ದೆ. ಜನ ಅವರಿಗೆ ಮೋಸ ಮಾಡಲು ನಾಚುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಇಷ್ಟರಲ್ಲಿ ಡ್ರೈವರ್ ಸಾಬರ ಸಂಸಾರಕ್ಕೇ ಬಿಸಿ ತಟ್ಟಿತು. ನಮ್ಮ ಮನೆಯಿಂದ ಅಂಗಡಿ ಬೀದಿಗೆ ಹೋಗಲು ಎಡಕ್ಕೆ ತಿರುಗಬೇಕಾದ ಮೂಲೆಯಲ್ಲೇ ಅವರ ಹೆಂಡತಿಯ ತಂದೆಯ ಮನೆ. ಆ ಮುದುಕರು ಎತ್ತಿನ ಗಾಡಿಯ ಚಕ್ರ ಮಾಡುವವರು. ಹುಣಸೂರಿನ ಸುತ್ತಮುತ್ತ ಅವರ ಚಕ್ರಕ್ಕೆ ಒಳ್ಳೆಯ ಹೆಸರಿತ್ತು. ಅಳಿಯ ತಮ್ಮ ಕಸುಬು ಹಿಡಿಯದೆ ಮೋಟಾರಿನ ಹಿಂದೆ ಹೋದನೆಂದು ಅವರಿಗೆ ಮೊದಲೇ ಅಸಮಾಧಾನ. ಈಗ ಆ ಅಳಿಯ ದಿನಾ ಹೋಗುವಾಗ ಅವರ ಅಂಗಳದ ಮುಂದೆ ಉದ್ದಕ್ಕೆ ಹಾರ್ನು ಬಾರಿಸಿಕೊಂಡು ಹೋಗುತ್ತಿದ್ದಾನೆ. ಇದು ಅಣಕವಲ್ಲದೆ ಮತ್ತೇನು ಎಂದು ಅವರು ಮಾತು ಬಿಟ್ಟರು. ಅದು ತಾನಾಗಿಯೇ ಕೂಗುತ್ತದೆ ಎಂದು ಸಾಬರು ಎಷ್ಟು ಹೇಳಿದರೂ ನಂಬಲಿಲ್ಲ. ಒತ್ತದೆ ಕೂಗುವ ಹಾರ್ನನ್ನು ಅವರು ಕಂಡವರಲ್ಲ.

ಸಾಬರು ಒಂದು ಬೆಳಿಗ್ಗೆ ನಮ್ಮ ನಡುಮನೆಯ ಬಾಗಿಲಲ್ಲಿ ನಿಂತು ಮಾವನವರಿಗೆ ಹೇಳಿದರು: "ಯಜಮಾನ್ರೇ, ನಮ್ಮ ಮಾವ ನನ್ ಮುಖ ನೋಡಾಕಿಲ್ಲ ಅಂತವ್ರೆ. ಮನೇಲಿ ಹೆಂಡ್ತಿನೂ ಅವ್ರಪ್ಪನ ಕಡೀಕೇ ಮಾತಾಡ್ತಾಳೆ. ಕಂಪ್ನಿಯೋರ್ಗೆ ನೀವೇ ಒಂದ್ ಮಾತು ಏಳಿ. ನಾನ್ ಏಳುದ್ರೆ, ನಿಂಗೆ ಓಡ್ಸಾಕೆ ಬರಾಕಿಲ್ಲ ಅಂತಾರೆ."

ಮಾವನವರಿಗೆ ಅಯ್ಯೋ ಅನ್ನಿಸಿತು. ಅಂದೇ ಮೈಸೂರಿಗೆ ಹೋದರು. ಸಂಜೆ ವಾಪಸು ಬಂದಾಗ ಅವರ ಮುಖ ಅರಳಿತ್ತು. ಕೈಯಲ್ಲಿ ನಂಜನಗೂಡು ರಸಬಾಳೆಯ ಒಂದು ಚಿಪ್ಪಿತ್ತು. ಆಯಿತೇ ಎಂದು ಅತ್ತೆ ಕೇಳಿದರು. ಮಾವನವರು ಕೂತು, ಸಾವಧಾನವಾಗಿ ಎಲ್ಲ ಹೇಳಿದರು. ಕಂಪನಿಯ ಮ್ಯಾನೇಜರು ಎಷ್ಟು ಒಳ್ಳೆಯವರು ಗೊತ್ತೇ, ಎದ್ದು ಬಂದು ಕೈಹಿಡಿದು ಕರೆದುಕೊಂಡು ಹೋದರಂತೆ. ಮಾವನವರ ಹಣೆಯ ವಿಭೂತಿ ನೋಡಿ, ಹೊರಗಿನ ಕಾಫಿ ಕುಡಿಯುವರೋ ಇಲ್ಲವೋ ಎಂದು ಹಾಲು ಹಣ್ಣು ತರಿಸಿದರಂತೆ. ಮಾತಿಗೆ ಮಾತು ಬಂದು ನೋಡಿದರೆ ಅವರೂ ಲಿಂಗವಂತರೇ, ನಂಜನಗೂಡಿನ ಕಡೆಯವರು. ಅವರ ಸೋದರತ್ತೆಯನ್ನು ಕೊಟ್ಟದ್ದು ಮಾವನವರ ಚಿಕ್ಕಮ್ಮನ ಮೈದುನನ ಮನೆಗೆ. ಹೀಗೆ ನಂಟಸ್ತನ ಗೊತ್ತಾದ ಮೇಲೆ ಬ್ರೇಕಿನ ಮಾತು ಹೇಗೆ ಎತ್ತುವುದು? ಕಾರು ಹೇಗಿದೆ ಎಂದು ಅವರಾಗಿ ಕೇಳಿದರಂತೆ. ಚೆನ್ನಾಗಿದೆ ಎಂದು ಇವರು ಹೇಳಿದರಂತೆ. ಸಂತೋಷಪಟ್ಟು, ಇನ್ನೊಂದು ಸಲ ಗಾಜು ಒರೆಸಿ ಕಳಿಸಿದರಂತೆ.

ಅತ್ತೆಯವರು ಬಾಳೆಹಣ್ಣು ತೆಗೆದುಕೊಂಡು ಒಳಗೆ ಹೋದರು. ಆ ರಾತ್ರಿ ಊಟಕ್ಕೆ ಬಡಿಸಲು ನನ್ನನ್ನೇ ಕಳಿಸಿದರು.

ಮುಂದಿನ ವಾರ ಅತ್ತೆಯವರೇ ಪಾಠ ಹೇಳಿಸಿದರು. ಹಿತ್ತಲಲ್ಲಿ ನಾನು ಅವರೆಕಾಳು ಹಿಸುಕುತ್ತಿದ್ದೆ. ಅತ್ತೆ ಕಂಬಕ್ಕೊರಗಿ ಕೂತು, ನನ್ನನ್ನೇ ಮ್ಯಾನೇಜರೆಂದುಕೊಂಡು ಹೇಳಿ ಎಂದರು. ಮಾವನವರು ಗಂಟಲು ಸರಿಮಾಡಿಕೊಂಡರು.

"ನೋಡಿ, ಬ್ರೇಕು ಸರ್ಯಾಗಿ ಇಡೀತಾ ಇಲ್ಲ. ಏನೂ ತಿಳ್ಕಬ್ಯಾಡಿ."

"ಏನೂ ತಿಳ್ಕಬ್ಯಾಡಿ ಅನ್ನೋದ್ ಬುಡಿ."

"ಅದ್ನ ಬುಟ್ರೆ ಮಾತು ಒರಟಾಯ್ತದೆ ಕಣೇ."

"ಆಗ್ಲಿ. ಒರಟಾಗ್ಲಿ ಅಂತ್ಲೇ ಕಳಿಸ್ತಿರಾದು."

ಮೂರು ನಾಲ್ಕು ಸಲ ಹೇಳಿಸಿ, ಪರವಾಗಿಲ್ಲ ಅನ್ನಿಸಿದ ಮೇಲೆ ಕಳಿಸಿದರು. ಆ ಸಲ ಮ್ಯಾನೇಜರಿಗೆ ಕೆಮ್ಮು. ಪಾಪ, ಒಂದು ಮಾತಿಗೆ ಎರಡು ಸಲ ಕೆಮ್ಮುತ್ತಿದ್ದರಂತೆ. ಅಂಥವರಿಗೆ ದೂರು ಹೇಳುವುದುಂಟೇ? ವೀರನಹೊಸಹಳ್ಳಿಯ ಕಾಡಿನ ಜೇನುತುಪ್ಪ ನಮ್ಮಲ್ಲಿ ಸಿಗುತ್ತದೆ, ಶುಂಠಿರಸದಲ್ಲಿ ಬೆರೆಸಿ ತಗೊಂಡರೆ ಕೆಮ್ಮು ನಿಲ್ಲುತ್ತದೆ ಎಂದು ಹೇಳಿ ಬಂದಿದ್ದರು. ಬಂದವರೇ ಜೇನು ಕೊಡುವವನಿಗೆ ಹೇಳಿಕಳಿಸಿ, ಒಂದು ಶೀಶೆ ತರಿಸಿ, ಬಸ್ಸಿನವರ ಕೈಲಿ ಮೈಸೂರಿಗೆ ಕಳಿಸಿಯೂ ಬಿಟ್ಟರು. ಕೆಮ್ಮಿನದಷ್ಟೇ ಚಿಂತೆ ಅವರಿಗೆ. ಕಾರಿನ ಬ್ರೇಕು ಹಾಗೇ ಇತ್ತು.

ಸಾಬರು ಈಗ ಅಂಗಡಿ ಬೀದಿಗೆ ಹೋಗಲು ಎಡಕ್ಕೆ ತಿರುಗುವುದನ್ನೇ ಬಿಟ್ಟಿದ್ದರು. ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೆ ಬಲಕ್ಕೆ ಹೀಗೆ ಅರ್ಧ ಊರು ಸುತ್ತಿ ಹೋಗುತ್ತಿದ್ದರು. ಆದರೆ ಮಾವನ ಮನೆಯ ಮುಂದೆ ಹೋಗುವುದನ್ನೇ ಬಿಟ್ಟನಲ್ಲ, ಎಷ್ಟು ಕೊಬ್ಬು ಎಂದು ಅಲ್ಲಿ ಇನ್ನೊಂದು ದೂರು ಶುರುವಾಯಿತು.

ಕೊನೆಗೆ ಅತ್ತೆಯವರೇ ಹೊರಟರು. ರೇಷ್ಮೆ ಸೀರೆ ಉಟ್ಟು, ವಿಭೂತಿ ಧರಿಸಿ, ನನ್ನನ್ನೂ ಜೊತೆಗೆ ಕರೆದುಕೊಂಡರು. ಮಾವನವರನ್ನು ಬಿಟ್ಟು ಹೋಗುವಂತಿರಲಿಲ್ಲ, ಅವರೂ ಬಂದರು. ಕಂಪನಿಯ ಮಳಿಗೆ ನೋಡಿದ್ದು ನಾನು ಅದೇ ಮೊದಲು. ದೊಡ್ಡ ಗಾಜಿನ ಹಿಂದೆ ಎರಡು ಹೊಸ ಕಾರುಗಳನ್ನು ನಿಲ್ಲಿಸಿದ್ದರು. ನೆಲಕ್ಕೆ ಹಾಸಿದ ಕಲ್ಲಿನಲ್ಲಿ ನಮ್ಮ ಮುಖ ಕಾಣುತ್ತಿತ್ತು. ಅತ್ತೆಯವರು ಬಾಗಿಲಲ್ಲೇ ಚಪ್ಪಲಿ ಬಿಟ್ಟರು, ನಾನೂ ಬಿಟ್ಟೆ. ಮ್ಯಾನೇಜರು ಓಡಿಬಂದು, ಇಲ್ಲಿ ಬಿಡಬೇಕಾಗಿಲ್ಲ ತಾಯಿ ಎಂದು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ಮ್ಯಾನೇಜರು ದುಂಡು ಮುಖದ, ಕರಿ ಕೋಟು, ಜರಿಯಂಚಿನ ರುಮಾಲಿನ, ನಗುತ್ತಲೇ ಮಾತಾಡುವ ಮನುಷ್ಯ. ಜೇನುತುಪ್ಪದಿಂದ ಕೆಮ್ಮು ವಾಸಿಯಾಯಿತೆಂದು ಮಾವನವರ ಎರಡೂ ಕೈ ಹಿಡಿದುಕೊಂಡರು. ಹಾಲು ಹಣ್ಣು ಬಂತು.

ಹಾಲು ಆಮೇಲೆ ಕುಡಿಯುತ್ತೇನೆ, ಮೊದಲು ಕಾರಿನ ವಿಚಾರ ಎಂದರು ಅತ್ತೆ. ಹಾರ್ನು ಕೂಗುವುದು, ಬ್ರೇಕು ಹಿಡಿಯದಿರುವುದು, ಎರಡನ್ನೂ ಬಿಡಿಸಿ ಹೇಳಿದರು. ಮ್ಯಾನೇಜರಿಗೆ ಆಶ್ಚರ್ಯವಾಯಿತು. ಯಜಮಾನರು ಎರಡು ಸಲ ಬಂದರೂ ಒಂದು ಮಾತೂ ಹೇಳಲಿಲ್ಲವಲ್ಲ ಅಕ್ಕ ಎಂದರು. ಅತ್ತೆ ಮಾವನವರ ಕಡೆ ನೋಡಿದರು. ಮಾವನವರು ಗೋಡೆಯ ಮೇಲಿದ್ದ ಮಹಾರಾಜರ ಪಟ ನೋಡುತ್ತಿದ್ದರು.

ಮ್ಯಾನೇಜರು ಕೆಲಸದವನೊಬ್ಬನನ್ನು ಕಳಿಸಿದರು. ಅವನು ನಿಂತ ಕಾರಿನಲ್ಲಿ ಕೂತು ಹಾರ್ನು ಒತ್ತಿದ, ಅದು ಕೂಗಿತು. ಬಿಟ್ಟ, ನಿಂತಿತು. ಬ್ರೇಕು ತುಳಿದು ನೋಡಿದ. ನಿಂತ ಕಾರು ನಿಂತೇ ಇತ್ತು. ಎಲ್ಲಾ ಸರಿಯಾಗಿದೆ ಎಂದು ಬಂದು ಹೇಳಿದ. ಆಗ ಮ್ಯಾನೇಜರು, ಹೊಸ ಕಾರು ಎಂದರೆ ಹಾಗೆ ಅಕ್ಕ, ಹಳ್ಳಿಯ ರಸ್ತೆಗೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು ಎಂದು ನಯವಾಗಿ ಶುರುಮಾಡಿದರು. ಅತ್ತೆಯವರು ಹಾಲಿನ ಲೋಟ ಎತ್ತಿ ಕುಡಿದು, ಕೆಳಗಿಟ್ಟು ಎದ್ದು ನಿಂತರು.

"ನಂಟರು ಅಂತೀರಿ. ಇವತ್ತಿನಗಂಟ ನಮ್ಮನೆ ಒಸ್ಲು ತುಳ್ದಿಲ್ಲ. ಈಗ್ಲೇ ಒರಡಿ, ಮನೇಲಿ ಇಸ್ಕಿದ ಅವರೆಬೇಳೆ ಸಾರು ಮಾಡ್ಸಿವ್ನಿ. ನಮ್ ಕಾರಲ್ಲೇ ಬನ್ನಿ, ನೀವೇ ಕೂತ್ಕಂಡು ನೋಡಿ. ನಂಗೆ ಇದ್ರ ಕಾಯ್ಲೆ ಏಳಾಕೆ ಬರಾಕಿಲ್ಲ."

ಕೆಲಸವಿದೆ, ಇನ್ನೊಂದು ದಿನ ಬರುತ್ತೇನೆ ಎಂದು ಅವರು ಹೇಳಿ ನೋಡಿದರು. ನಂಟಸ್ತನ ಹುಡುಕಿ ತೆಗೆದವರು ಅವರೇ. ಈಗ ತಪ್ಪಿಸಿಕೊಳ್ಳುವುದು ಕಷ್ಟವಾಯಿತು. ರುಮಾಲು ಸರಿಮಾಡಿಕೊಂಡು ಬಂದು ಸಾಬರ ಪಕ್ಕದಲ್ಲಿ ಕೂತರು. ಸಾಬರು ಆ ದಿನ ಕೂತಷ್ಟು ನೆಟ್ಟಗೆ ಯಾವತ್ತೂ ಕೂತಿರಲಿಲ್ಲ.

ಊರು ಬಿಡುವ ಮೊದಲೇ ಒಂದು ಎಡ ತಿರುವು ಬಂತು. ಹಾರ್ನು ಶುರುವಾಯಿತು. ಮ್ಯಾನೇಜರು ಸಾಬರ ಕೈ ನೋಡಿದರು. ಸಾಬರು ಹಾರ್ನಿನ ಗುಂಡಿ ಬಿಟ್ಟು ದೂರದಲ್ಲಿ, ಚಕ್ರದ ಅಂಚನ್ನು ಬೆರಳ ತುದಿಯಲ್ಲಿ ಹಿಡಿದಿದ್ದರು. ಇಲವಾಲದ ಹತ್ತಿರ ಮತ್ತೊಂದು ತಿರುವು, ಮತ್ತೆ ಕೂಗು. ಮುಂದೆ ಹೋಗುತ್ತಿದ್ದ ಜಟಕಾದ ಕುದುರೆ ಗದ್ದೆಗೆ ಇಳಿಯಿತು. ಮ್ಯಾನೇಜರ ನಗು ಸ್ವಲ್ಪ ಕಡಿಮೆಯಾಯಿತು. ಮಾವನವರು ಹಿಂದಿನಿಂದ ಬಾಗಿ, ಬಿಸಿಲು ಬೀಳುತ್ತಿದೆಯೇ, ಮಾಡು ಎಳೆಸಲೇ ಎಂದು ಕೇಳಿದರು.

ಬಿಳಿಕೆರೆ ದಾಟಿದ ಮೇಲೆ ಒಂದು ಹಳ್ಳಿಯವರು ಹುರುಳಿ ಗಿಡವನ್ನು ಕಿತ್ತು ತಂದು ರಸ್ತೆಯುದ್ದಕ್ಕೂ ಹರಡಿದ್ದರು. ಗಾಡಿಗಳು ಅದರ ಮೇಲೆ ಹಾದರೆ ಕಾಳು ಉದುರುತ್ತದೆಂದು ಹಾಗೆ ಮಾಡುವುದು ವಾಡಿಕೆ. ಒಂದು ಕಡೆ ತುಳಿಸಿ ಆದದ್ದನ್ನು ಒಟ್ಟಿ, ರಸ್ತೆಯ ನಡುವೆಯೇ ದೊಡ್ಡ ಗುಡ್ಡೆ ಮಾಡಿದ್ದರು. ಸಾಬರು ದೂರದಿಂದಲೇ ನೋಡಿ ಬ್ರೇಕು ತುಳಿದರು. ಕಾರು ನಿಧಾನವಾಯಿತು, ಆದರೆ ನಿಲ್ಲುವ ಮನಸ್ಸು ಮಾಡಲಿಲ್ಲ. ಮ್ಯಾನೇಜರು ತಾವೂ ಕಾಲಿನಿಂದ ನೆಲ ಒತ್ತುತ್ತಾ, ಹಿಡಿಯಿರಿ, ಹಿಡಿಯಿರಿ ಎಂದರು. ನಾವು ಮೆತ್ತಗೆ, ಯಾರಿಗೂ ಏಟಾಗದ ಹಾಗೆ, ಹುರುಳಿಯ ಗುಡ್ಡೆಯೊಳಗೆ ಹೋಗಿ ನಿಂತೆವು. ಕಾರಿನ ಮೂತಿ ಪೂರ್ತಿ ಮುಚ್ಚಿಹೋಯಿತು. ಮ್ಯಾನೇಜರ ರುಮಾಲಿನ ಮೇಲೆ ಒಂದಿಷ್ಟು ಗಿಡ ಬಿತ್ತು.

ಗುಡ್ಡೆಯ ಪಕ್ಕದಲ್ಲಿ ಮೊರ ಹಿಡಿದು ಕೂತಿದ್ದ ಒಬ್ಬ ಅಜ್ಜಿ ಎದ್ದು ಬಂದರು. ಕೋಟು ಹಾಕಿದವರೇ ಕಾರಿನ ಸಾಹುಕಾರರು ಎಂದು ಅವರಿಗೆ ಅನ್ನಿಸಿರಬೇಕು; ನೇರ ಮ್ಯಾನೇಜರ ಮುಂದೆ ನಿಂತರು.

"ಏನ್ ಸ್ವಾಮಿ, ಇಷ್ಟ್ ದೊಡ್ ಗುಡ್ಡೆ ನಿಮ್ ಕಣ್ಗೆ ಕಾಣ್ಲಿಲ್ವಾ? ನಿಲ್ಸಾಕೆ ಬರ್ದೆ ಇದ್ಮೇಲೆ ಯಾಕ್ ಬುಡ್ತೀರಿ ಇದ್ನ ರಸ್ತೇಗೆ? ನಮ್ ಮೊಮ್ಮಕ್ಳು ಇಲ್ಲೇ ಆಡ್ಕತಿದ್ವು ಈಗ್ ತಾನೆ."

ಹೀಗೆ ಶುರು ಮಾಡಿದ ಅಜ್ಜಿ ಸುಮಾರು ಹೊತ್ತು ನಿಲ್ಲಿಸಲಿಲ್ಲ. ಅತ್ತೆಯವರು ಎರಡು ವಾರದಿಂದ ಮಾವನವರ ಬಾಯಲ್ಲಿ ಹೇಳಿಸಬೇಕೆಂದು ಪಾಡುಪಟ್ಟದ್ದೆಲ್ಲ ಅದರಲ್ಲಿತ್ತು, ಅದಕ್ಕಿಂತ ಹೆಚ್ಚೂ ಇತ್ತು. ಮ್ಯಾನೇಜರು ರುಮಾಲು ಕೈಲಿ ಹಿಡಿದು ತಲೆತಗ್ಗಿಸಿ ನಿಂತಿದ್ದರು. ಮಕ್ಕಳು ಆಡುತ್ತಿದ್ದವು ಎಂಬ ಮಾತು ಕೇಳಿ ಅವರ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ. ನಮಗೂ ನಗು ನಿಂತಿತು.

ಮಾವನವರು ಇಳಿದು ಬಂದು ಮೊದಲು ಅಜ್ಜಿಗೆ ಕೈಮುಗಿದು ತಪ್ಪಾಯಿತು ತಾಯಿ ಎಂದರು. ಆಮೇಲೆ ಮ್ಯಾನೇಜರ ಕಡೆ ತಿರುಗಿ, ಊಟಕ್ಕೆ ಕರೆದು ನಿಮಗೆ ಇಷ್ಟು ತೊಂದರೆ ಕೊಟ್ಟೆವಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಅಜ್ಜಿ ಬೈದದ್ದಕ್ಕಿಂತ ಅದು ಹೆಚ್ಚು ತಾಗಿತೆಂದು ಕಾಣುತ್ತದೆ.

"ಯಜಮಾನರೇ, ನೀವೂ ಒಂದು ಸಲ ಬೈದುಬಿಡಿ. ನನಗೆ ಸಮಾಧಾನವಾಗುತ್ತೆ," ಎಂದರು ಮ್ಯಾನೇಜರು.

ಮಾವನವರು ನಿಜವಾಗಿಯೂ ಯೋಚಿಸಿದರು. "ಏನಂತ ಬೈಲಿ ಸ್ವಾಮಿ," ಎಂದರು.

ಅತ್ತೆಯವರು ಬಾಯಿಗೆ ಸೆರಗು ಮುಚ್ಚಿಕೊಂಡು ಆಚೆ ತಿರುಗಿದರು. ಮ್ಯಾನೇಜರಿಗೂ ನಗು ತಡೆಯಲಾಗಲಿಲ್ಲ. ಮಾವನವರಿಗೆ ಯಾತಕ್ಕೆ ಎಂದು ತಿಳಿಯದಿದ್ದರೂ ಎಲ್ಲರ ಜೊತೆ ನಕ್ಕರು. ಅಜ್ಜಿ ನಮ್ಮನ್ನೆಲ್ಲ ನೋಡಿ, ಇವರಿಗೆ ತಲೆ ನೆಟ್ಟಗಿಲ್ಲವೆಂದು ಮೊರ ಎತ್ತಿಕೊಂಡು ಹೋದರು.

ಮ್ಯಾನೇಜರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಅಂಗಿಯ ತೋಳು ಮೇಲೇರಿಸಿ, ಸಾಬರ ಜೊತೆ ಕೂತು ಚಕ್ರಕ್ಕೆ ಸುತ್ತಿಕೊಂಡಿದ್ದ ಹುರುಳಿ ಗಿಡ ಕಿತ್ತರು. ಚೆಲ್ಲಿದ್ದನ್ನು ಬಾಚಿ ಮತ್ತೆ ಗುಡ್ಡೆ ಮಾಡಿಕೊಟ್ಟರು. ಊರಿನ ಗಂಡಸರು ಬಂದು ಕಾರನ್ನು ಹಿಂದಕ್ಕೆ ತಳ್ಳಿದರು. ಅಲ್ಲಿಂದ ಹುಣಸೂರಿನವರೆಗೆ ನಡೆದು ಹೋಗುವ ಎತ್ತಿನಷ್ಟೇ ವೇಗದಲ್ಲಿ ಬಂದೆವು. ದಾರಿಯಲ್ಲಿ ಮ್ಯಾನೇಜರು ಸಾಬರನ್ನು ಒಂದೊಂದೇ ಕೇಳುತ್ತಾ ಬಂದರು. ಸಾಬರು ಮನೆಯ ಗಲಾಟೆಯನ್ನೂ ಬಿಡದೆ ಎಲ್ಲ ಹೇಳಿದರು.

ಊರೊಳಗೆ ಬಂದು, ಮೈಸೂರಿನ ಕಡೆಯಿಂದ ಬಂದರೂ ಎಡಕ್ಕೇ ತಿರುಗಬೇಕಾದ ಆ ಮೂಲೆ ಹತ್ತಿರವಾದಾಗ ಸಾಬರು ಬಲಕ್ಕೆ ಸುತ್ತಿ ಹೋಗುವುದಿಲ್ಲವೇ ಎಂದು ನಾನು ನೋಡಿದೆ. ಅವರು ಹಿಂದಕ್ಕೆ ತಿರುಗಿ ಮಾವನವರ ಮುಖ ನೋಡಿದರು. ಮಾವನವರು ಆಗಲಿ ಎಂದು ತಲೆಯಾಡಿಸಿದರು. ಕಾರು ಎಡಕ್ಕೆ ತಿರುಗಿತು. ಹಾರ್ನು ಬೀದಿ ಒಡೆಯುವ ಹಾಗೆ ಕೂಗಿತು. ಅಂಗಳದಲ್ಲಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊಂದಿಸುತ್ತಿದ್ದ ಮುದುಕರು ಸುತ್ತಿಗೆ ಕೆಳಗಿಟ್ಟು ಎದ್ದರು. ಕಾರು ಅವರ ಮನೆ ದಾಟಿ ನಿಂತಿತು. ಮ್ಯಾನೇಜರು ಯಾರೂ ಹೇಳದೆ ತಾವಾಗಿ ಇಳಿದು ಹಿಂದಕ್ಕೆ ನಡೆದು ಹೋದರು. ನಾವು ಕಾರಿನಲ್ಲೇ ಕೂತು ಕೇಳಿಸಿಕೊಂಡೆವು. ಈ ಕಾರು ಮಾರಿದವನು ನಾನು, ಸರ್ವೀಸಿನಲ್ಲಿ ನಮ್ಮವರು ಏನೋ ತಪ್ಪು ಮಾಡಿದ್ದಾರೆ, ಹಾರ್ನು ತಾನಾಗಿಯೇ ಕೂಗುತ್ತಿದೆ, ನಿಮ್ಮ ಅಳಿಯ ಬಾರಿಸುತ್ತಿಲ್ಲ ಎಂದು ಅವರು ಮೆಲ್ಲಗೆ ಹೇಳಿದರು.

ಮುದುಕರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವ್ ಮಾರಿದ್ ಗಾಡೀನ ನೀವೇ ಕೆಡ್ಸಿದ್ರಾ?"

"ಹೌದು."

"ಕೆಡ್ಸಿದ್ದು ನಾವೇ ಅಂತ ಏಳಾಕೆ ಇಲ್ಲೀಗಂಟ ಬಂದ್ರಾ?"

"ಕರೆದುಕೊಂಡು ಬಂದರು," ಎಂದರು ಮ್ಯಾನೇಜರು. ನಿಜ ಹೇಳಿದ್ದು ಮುದುಕರಿಗೆ ಹಿಡಿಸಿತು. ಕೂರಲು ಮಣೆ ಹಾಕಿ, ಕುಡಿಯಲು ನೀರು ತರಿಸಿದರು. ಮ್ಯಾನೇಜರು ಕುಡಿದು ಎದ್ದ ಮೇಲೆ ಮುದುಕರು ಕಾರಿನ ಹತ್ತಿರ ಬಂದು, ಅಳಿಯನ ಮುಖ ನೋಡದೆ ಚಕ್ರವನ್ನು ನೋಡುತ್ತಾ, ಸಂಜೆ ಊಟಕ್ಕೆ ಬಾ ಎಂದರು. ಸಾಬರು ತುಟಿ ಬಿಗಿಹಿಡಿದು ತಲೆಯಾಡಿಸಿದರು. ಅವರ ಕಿವಿಗಳು ಕೆಂಪಗಾಗಿದ್ದವು.

ಅವರೆಬೇಳೆ ಸಾರು ಆರಿ ಹೋಗಿತ್ತು. ಬಿಸಿ ಮಾಡಿ ಬಡಿಸಿದೆ. ಮ್ಯಾನೇಜರು ಮುದ್ದೆಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಊಟವಾದ ಮೇಲೆ ವಾಪಸು ಹೋಗಲು ಕಾರು ಬೇಡ, ಬಸ್ಸಿಗೇ ಹೋಗುತ್ತೇನೆ ಎಂದದ್ದಕ್ಕೆ ಯಾರೂ ಬಲವಂತ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆಯೇ ಕಂಪನಿಯಿಂದ ಮೆಕ್ಯಾನಿಕ್ಕು ಪೆಟ್ಟಿಗೆ ಹೊತ್ತು ಬಂದ. ನಮ್ಮ ಹಿತ್ತಲ ನುಗ್ಗೆಮರದ ಕೆಳಗೆ ಕಾರನ್ನು ಬಿಚ್ಚಿದ. ಸ್ಟೀರಿಂಗಿನ ಕಂಬ ಬಿಗಿಮಾಡುವಾಗ ಹಾರ್ನಿನ ತಂತಿ ನಡುವೆ ಸಿಕ್ಕಿ ಸಿಪ್ಪೆ ಸುಲಿದಿತ್ತು; ಎಡಕ್ಕೆ ತಿರುಗಿಸಿದಾಗಲೆಲ್ಲ ಅದು ಕಬ್ಬಿಣಕ್ಕೆ ತಾಗುತ್ತಿತ್ತು. ಹಿಂದಿನ ಅಚ್ಚಿಗೆ ಎಣ್ಣೆ ಬೇಕಾದ್ದಕ್ಕಿಂತ ಜಾಸ್ತಿ ಸುರಿದಿದ್ದರಿಂದ ಹರಿದು ಬ್ರೇಕಿಗೆ ಸೇರಿತ್ತು. ಎಣ್ಣೆ ಮೆತ್ತಿಕೊಂಡದ್ದು ಹೇಗೆ ಹಿಡಿದೀತು? ಅವನು ಹೊಸ ತಂತಿ ಹಾಕಿ, ಹಿಂದಿನ ಎರಡು ಚಕ್ರಕ್ಕೂ ಹೊಸ ಬ್ರೇಕು ಕೂರಿಸಿ, ಮಾವನವರನ್ನು ಕೂರಿಸಿಕೊಂಡು ಊರು ಸುತ್ತಿ ಬಂದ. ಮನೆಯ ಮುಂದೆ ಹೇಳಿದ ಜಾಗದಲ್ಲಿ ಕಾರು ನಿಂತಿತು. ಎಷ್ಟು ಗಟ್ಟಿಯಾಗಿ ನಿಂತಿತೆಂದರೆ ಮಾವನವರ ಹಣೆ ಮುಂದಿನ ಗಾಜಿಗೆ ಬಡಿಯಿತು. ಬಹಳ ಚೆನ್ನಾಗಿದೆ ಎಂದು ಹಣೆ ಉಜ್ಜಿಕೊಳ್ಳುತ್ತಾ ಇಳಿದರು.

ಆಮೇಲಿನ ಸರ್ವೀಸುಗಳಲ್ಲಿ ಮ್ಯಾನೇಜರು ನಮ್ಮ ಕಾರನ್ನು ಸುಮ್ಮನೆ ಕಳಿಸಲಿಲ್ಲ. ತಾವೇ ಕೂತು ಇಲವಾಲದವರೆಗೆ ಓಡಿಸಿ ನೋಡಿ ಆಮೇಲೆ ಬಿಡುತ್ತಿದ್ದರು. ನಮ್ಮ ಕಾರಷ್ಟೇ ಅಲ್ಲ, ಹಳ್ಳಿಯ ಕಡೆ ಹೋಗುವ ಎಲ್ಲ ಕಾರುಗಳಿಗೂ ಹಾಗೆ ಮಾಡುತ್ತಾರೆಂದು ಸಾಬರು ಹೇಳುತ್ತಿದ್ದರು. ಮಾತಿಗಷ್ಟೇ ಇದ್ದ ನಂಟಸ್ತನ ನಿಜದ್ದೇ ಆಯಿತು. ಅವರ ಹೆಂಡತಿ ಮಕ್ಕಳು ಬೇಸಿಗೆಯಲ್ಲಿ ನಮ್ಮಲ್ಲಿ ಬಂದು ಇದ್ದು ಹೋಗುತ್ತಿದ್ದರು. ಅತ್ತೆಯವರೂ ಅವರ ಹೆಂಡತಿಯೂ ಜಗಲಿಯಲ್ಲಿ ಕೂತರೆ ಮಾತು ಮುಗಿಯುತ್ತಲೇ ಇರಲಿಲ್ಲ. ನನ್ನ ಮೊದಲ ಹೆರಿಗೆಗೆ ಮಿರ್ಲೆಗೆ ಹೋಗುವ ದಿನ ಸಾಬರು ಕಾರನ್ನು ಬಾಗಿಲಿಗೆ ತಂದಾಗ ಅವರ ಮಾವ ಮುಂದಿನ ಸೀಟಿನಲ್ಲಿ ಕೂತಿದ್ದರು. ಕೃಷ್ಣರಾಜನಗರದಲ್ಲಿ ಯಾರಿಗೋ ಒಂದು ಜೊತೆ ಚಕ್ರದ ಅಳತೆ ತಗೋಬೇಕಾಗಿತ್ತಂತೆ. ನಡುದಾರಿಯಲ್ಲಿ ಒಂದು ಎಮ್ಮೆ ರಸ್ತೆಗೆ ಅಡ್ಡ ನಿಂತಿತು. ಸಾಬರು ಹಾರ್ನು ಒತ್ತುವ ಮೊದಲೇ ಮುದುಕರು ಕೈಚಾಚಿ ತಾವೇ ಒತ್ತಿದರು. ಎಮ್ಮೆ ಸರಿದು ಹೋಯಿತು. ಅವರು ಇನ್ನೊಂದು ಸಲ ಒತ್ತಿದರು.